ಒಂದು ಕಾಫಿ ಮೂಟೆಗೆ ಎಷ್ಟು ಶಾಸ್ತ್ರ ಬೇಕು?

ಕೇಳುಗರಿಗೆ ನಮಸ್ಕಾರ. ಪದವಿಯಲ್ಲಿ ಅಂತರರಾಷ್ಟ್ರೀಯ ವ್ಯವಹಾರಗಳನ್ನು ಓದುವುದೆಂದರೆ ಏನೇನು ಓದಬೇಕು ಎಂಬುದು ಇಂದಿನ ಮಾತು.

ಕೊಡಗಿನ ತೋಟದಿಂದ ಇಟಲಿಗೆ ಹೊರಟ ಕಾಫಿ ಮೂಟೆಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಯುರೋಪಿಯನ್ ಒಕ್ಕೂಟ 2023ರಲ್ಲಿ ಒಂದು ಕಾನೂನು ಮಾಡಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿನ ಮಾರುಕಟ್ಟೆಗೆ ಬರಕೂಡದು. ತೋಟದ ಅಕ್ಷಾಂಶ, ರೇಖಾಂಶ ಕೊಡಬೇಕು. 4 ಹೆಕ್ಟೇರ್, ಅಂದರೆ ಹತ್ತಿರಹತ್ತಿರ 10 ಎಕರೆ ಮೀರಿದ ತೋಟಕ್ಕೆ ಒಂದು ಬಿಂದು ಸಾಲದು, ಸುತ್ತಲಿನ ಗಡಿಯನ್ನೇ ಗುರುತಿಸಬೇಕು. ಜಾರಿಯ ದಿನವನ್ನು ಮುಂದೂಡಿದ್ದಾರೆ. ಪ್ರಶ್ನೆಗಳು ಮಾತ್ರ ಹಾಗೇ ಇವೆ.

ಕೊಳ್ಳುವ ದೇಶ ಇಂಥ ಷರತ್ತು ಹಾಕಬಹುದೇ? ಇದು ಕಾನೂನಿನ ಪ್ರಶ್ನೆ. ಸಿಗಡಿ ಬಲೆಗೆ ಕಡಲಾಮೆಗಳು ಸಿಕ್ಕಿ ಸಾಯುತ್ತವೆಂದು ಅಮೆರಿಕ ಸಿಗಡಿ ಆಮದಿಗೆ ತಡೆ ಹಾಕಿದಾಗ ಭಾರತವೂ ದೂರುದಾರನಾಗಿತ್ತು. ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಮಂಡಳಿ 1998ರಲ್ಲಿ ಹೇಳಿದ್ದಿಷ್ಟು: ಆಮೆ ಉಳಿಸುವ ಉದ್ದೇಶ ಸರಿ, ಜಾರಿ ಮಾಡಿದ ರೀತಿಯಲ್ಲಿ ತಾರತಮ್ಯವಿದೆ. ಇನ್ನು ನಮ್ಮ ಕಾಫಿ ಬೆಳೆಯುವುದು ಮರದ ನೆರಳಲ್ಲಿ. ಉಪಗ್ರಹದ ಚಿತ್ರದಲ್ಲಿ ಅದು ಕಾಡಿನಂತೆಯೇ ಕಾಣಬಹುದು. ಹಾಗಿರುವಾಗ ಬೆಳೆಗಾರ ನೆರಳು ಕಸಿ ಮಾಡಿದರೆ, ಅಂದರೆ ನೆರಳಿನ ಮರಗಳ ಕೊಂಬೆ ಸವರಿದರೆ, ಕಾಡು ಕಡಿದಂತೆ ದಾಖಲಾಗುವ ಅಪಾಯವಿದೆ. ಇದು ಭೂಗೋಳದ ಪ್ರಶ್ನೆ. ದಾಖಲೆಯ ಖರ್ಚು ಬೆಳೆಗಾರನ ತಲೆಗೋ ಕೊಳ್ಳುವವನ ತಲೆಗೋ ಎಂಬುದು ಅರ್ಥಶಾಸ್ತ್ರ. ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ನಲ್ಲಿ ಯಾರ ಒತ್ತಡ ಗೆದ್ದಿತು ಎಂಬುದು ರಾಜ್ಯಶಾಸ್ತ್ರ.

ಅಂತರರಾಷ್ಟ್ರೀಯ ವ್ಯವಹಾರಗಳನ್ನು ಅಂತರಶಿಸ್ತೀಯ, ಅಂದರೆ ಹಲವು ಶಾಸ್ತ್ರಗಳು ಕೂಡಿದ, ವಿಷಯವಾಗಿ ಕಲಿಸುವುದು ಇದಕ್ಕಾಗಿಯೇ. 1919ರಲ್ಲಿ, ಮೊದಲ ಮಹಾಯುದ್ಧ ಮುಗಿದ ಬೆನ್ನಿಗೆ, ವೇಲ್ಸ್‌ನ ಅಬರಿಸ್ಟ್‌ವಿತ್‌ನಲ್ಲಿ ಇದರ ಮೊದಲ ಪ್ರಾಧ್ಯಾಪಕ ಪೀಠ ಸ್ಥಾಪನೆಯಾಯಿತು. ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ವಿದೇಶಾಂಗ ಸೇವಾ ಶಾಲೆಯೂ ಅದೇ ವರ್ಷದ್ದು. ಅಮೆರಿಕದಲ್ಲಿ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್, ಕೋರ್ಸೊಂದಕ್ಕೆ 3. ಅದರಲ್ಲಿ ಸರಿಸುಮಾರು ಮೂರನೇ ಒಂದು ಭಾಗ ಮುಖ್ಯ ವಿಷಯಕ್ಕೆ. ಅಂದರೆ ಹನ್ನೆರಡು, ಹದಿಮೂರು ಕೋರ್ಸು. ಇಷ್ಟರಲ್ಲೇ ನಾಲ್ಕೈದು ಶಾಸ್ತ್ರಗಳು ಹಿಡಿಯಬೇಕು.

ಎಡವುವುದೂ ಇಲ್ಲೇ. ಮದುವೆ ಮನೆಯ ಎಲೆಯಂತೆ ಎಲ್ಲವನ್ನೂ ಒಂದೊಂದು ಚೂರು ಬಡಿಸಿಕೊಂಡು, ಕೊನೆಗೆ ಯಾವುದರಲ್ಲೂ ಹೊಟ್ಟೆ ತುಂಬದೆ ಏಳುವವರು ಹಲವರು. ಕೋರ್ಸುಗಳ ಅನುಕ್ರಮ ತಪ್ಪಿದರಂತೂ ಕಷ್ಟ. ಅಂತರರಾಷ್ಟ್ರೀಯ ವ್ಯಾಪಾರದ ಕೋರ್ಸಿಗೆ ಸೂಕ್ಷ್ಮ ಅರ್ಥಶಾಸ್ತ್ರ ಮೊದಲೇ ಆಗಿರಬೇಕು; ಅದನ್ನು ಮೂರನೇ ವರ್ಷಕ್ಕೆ ತಳ್ಳಿದವರಿಗೆ ವ್ಯಾಪಾರ ಕೊನೆಯ ಸೆಮಿಸ್ಟರಿಗೆ ಬೀಳುತ್ತದೆ. ಸಂಖ್ಯಾಶಾಸ್ತ್ರವೆಂದರೆ ಹೆದರಿ ದೂರವಿಡುವವರು ಪ್ರಬಂಧ ಬರೆಯುವಾಗ ಆಮದು-ರಫ್ತಿನ ಕೋಷ್ಟಕ ಮುಂದಿಟ್ಟುಕೊಂಡು ಕೂರುತ್ತಾರೆ. ಎರಡನೇ ವರ್ಷದೊಳಗೆ ಸಂಖ್ಯಾಶಾಸ್ತ್ರವನ್ನು ಮುಗಿಸಿಬಿಡುವುದು ಮೇಲು.

ಭಾಷೆಯ ಲೆಕ್ಕ ಇನ್ನೂ ಕಟುವಾದದ್ದು. ಇಂಗ್ಲಿಷ್ ಮಾತೃಭಾಷೆಯವರು ಅರಬಿ, ಚೀನಿ ಅಥವಾ ಜಪಾನಿಯಲ್ಲಿ ಕೆಲಸಕ್ಕೆ ಬರುವಷ್ಟು ಪಳಗಲು ಸುಮಾರು 2200 ತರಗತಿ ಗಂಟೆ ಬೇಕೆಂದು ಅಮೆರಿಕದ ರಾಜತಾಂತ್ರಿಕರ ತರಬೇತಿ ಸಂಸ್ಥೆ ಅಂದಾಜಿಸುತ್ತದೆ. ಕಾಲೇಜಿನಲ್ಲಿ ವಾರಕ್ಕೆ 5 ಗಂಟೆ, ಸೆಮಿಸ್ಟರಿಗೆ 15 ವಾರ. ನಾಲ್ಕು ಸೆಮಿಸ್ಟರ್ ಕಲಿತರೂ ಆಗುವುದು 300 ಗಂಟೆ! ಹಾಗಾಗಿ ಭಾಷೆ ಮೊದಲ ಸೆಮಿಸ್ಟರಿನಲ್ಲೇ ಶುರುವಾಗಬೇಕು. ಅಂದಹಾಗೆ, ಜಪಾನಿಯಲ್ಲೂ ಕ್ರಿಯಾಪದ ವಾಕ್ಯದ ಕೊನೆಗೇ ಬರುತ್ತದೆ, ನಾಮಪದದ ಹಿಂದೆ ನಮ್ಮ ವಿಭಕ್ತಿಯಂತೆ ಪ್ರತ್ಯಯ ಅಂಟುತ್ತದೆ. ಕನ್ನಡಿಗರಿಗೆ ಅಷ್ಟರ ಮಟ್ಟಿಗೆ ಹಗುರ. ಲಿಪಿ ಮಾತ್ರ ಯಾರನ್ನೂ ಬಿಡುವುದಿಲ್ಲ.

ಒಂದು ಸೆಮಿಸ್ಟರ್ ಹೊರದೇಶಕ್ಕೆ ಹೋಗುವ ಅವಕಾಶ ಸಿಕ್ಕರೆ, ಹೊರಡುವ ಮುನ್ನವೇ ಅಲ್ಲಿನ ಕೋರ್ಸುಗಳಿಗೆ ಇಲ್ಲಿ ಎಷ್ಟು ಕ್ರೆಡಿಟ್ ಸಿಗುತ್ತದೆಂದು ಬರವಣಿಗೆಯಲ್ಲಿ ಪಡೆಯಿರಿ. ಬಾಯಿಮಾತು ನಂಬಿದರೆ ಮರಳಿದ ಮೇಲೆ ಅದೇ ವಿಷಯ ಇನ್ನೊಮ್ಮೆ ಓದಬೇಕಾದೀತು.

ಕೊನೆಯ ವರ್ಷದ ಪ್ರಬಂಧಕ್ಕೆ 'ಭಾರತ–ಯುರೋಪ್ ಸಂಬಂಧ' ಎಂದು ಹೆಸರಿಟ್ಟರೆ ದಡ ಸಿಗುವುದಿಲ್ಲ. ಒಂದು ಸರಕು, ಒಂದು ನಿಯಮ, ಒಂದು ಜಿಲ್ಲೆ ಹಿಡಿಯಿರಿ. 10 ಎಕರೆಯ ಗೆರೆಯ ಆಚೀಚೆ ಇರುವ ಬೆಳೆಗಾರರಿಗೆ ದಾಖಲೆಯ ಹೊರೆ ಹೇಗೆ ಬೇರೆಯಾಗುತ್ತದೆ ಎಂಬ ಪ್ರಶ್ನೆಯೊಂದೇ ಸಾಕು. ಕಾನೂನಿನ ಪಠ್ಯ, ನಕ್ಷೆ, ಬೆಲೆಪಟ್ಟಿ ಮೂರನ್ನೂ ಅದೇ ತೆರೆಸುತ್ತದೆ.

ನಮಸ್ಕಾರ.