ಸಂವಿಧಾನ ತಿದ್ದುವ ಮುಂಚೆ ಜನರನ್ನು ಯಾವಾಗ ಕೇಳಬೇಕು?

ಎಲ್ಲರಿಗೂ ನಮಸ್ಕಾರ. ರಜೆಯ ಸಂಜೆ ಬಿಟ್ಟು ಸಂವಿಧಾನದ ಮಾತು ಕೇಳಲು ವಾಸ್ಕೋದ ಇಷ್ಟು ಜನ ಕನ್ನಡಿಗರು ಬಂದಿದ್ದೀರಿ, ಸಂತೋಷ. ನೇರ ವಿಷಯಕ್ಕೇ ಬರುತ್ತೇನೆ.

ನಮ್ಮ ಸಂವಿಧಾನಕ್ಕೆ ನೂರಕ್ಕೂ ಜಾಸ್ತಿ ತಿದ್ದುಪಡಿ ಆಗಿವೆ. 2023ರ ಮಹಿಳಾ ಮೀಸಲಾತಿಯದು 106ನೆಯದು. ಒಂದಕ್ಕೂ ಮತದಾರರನ್ನು ನೇರವಾಗಿ ಕೇಳಿಲ್ಲ. ಕೇಳಬೇಕು ಅಂತ ನಿಯಮವೂ ಇಲ್ಲ. 368ನೇ ವಿಧಿಯ ಪ್ರಕಾರ ಎರಡೂ ಸದನಗಳಲ್ಲಿ ಒಟ್ಟು ಸದಸ್ಯರ ಅರ್ಧಕ್ಕಿಂತ ಹೆಚ್ಚು ಜನ, ಜೊತೆಗೆ ಅವತ್ತು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ ಒಪ್ಪಬೇಕು. ರಾಷ್ಟ್ರಪತಿ ಚುನಾವಣೆ, ಹೈಕೋರ್ಟು, ಕೇಂದ್ರ-ರಾಜ್ಯಗಳ ಅಧಿಕಾರ ಹಂಚಿಕೆ ಇಂಥವಕ್ಕೆ ಕೈ ಹಾಕಿದರೆ ಕನಿಷ್ಠ ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳೂ ಹೂಂ ಅನ್ನಬೇಕು. ಅಲ್ಲಿಗೆ ಮುಗಿಯಿತು. ರಾಜ್ಯದ ಗಡಿ ಬದಲಿಸಲು ಇಷ್ಟೂ ಬೇಡ. 3ನೇ ವಿಧಿಯಡಿ ಸಂಸತ್ತಿನ ಸಾದಾ ಬಹುಮತ ಸಾಕು. 1956ರ ನವೆಂಬರ್ 1ಕ್ಕೆ ನಮ್ಮ ಜಿಲ್ಲೆಗಳು ಒಂದಾದಾಗಲೂ ಯಾರೂ ಮತಪೆಟ್ಟಿಗೆ ಇಟ್ಟು ಕೇಳಲಿಲ್ಲ.

ಬೇರೆ ಕಡೆ ಹೀಗಿಲ್ಲ. ಐರ್ಲೆಂಡಿನಲ್ಲಿ ಯಾವ ತಿದ್ದುಪಡಿಯಾದರೂ ಜನರ ಮುಂದೆ ಹೋಗಲೇಬೇಕು. ಆಸ್ಟ್ರೇಲಿಯಾದಲ್ಲಿ ದೇಶದ ಒಟ್ಟು ಮತದಲ್ಲೂ ಗೆಲ್ಲಬೇಕು, ಆರರಲ್ಲಿ ನಾಲ್ಕು ರಾಜ್ಯಗಳಲ್ಲೂ ಗೆಲ್ಲಬೇಕು. ಅಲ್ಲಿ 45 ಪ್ರಸ್ತಾವಗಳಲ್ಲಿ ಪಾಸಾಗಿದ್ದು ಎಂಟೇ. ಇಟಲಿಯಲ್ಲಿ ಎರಡೂ ಸದನಗಳು ಮೂರನೇ ಎರಡರಷ್ಟು ಬಹುಮತದಿಂದ ಒಪ್ಪಿದರೆ ಜನಮತ, ಅಂದರೆ ಮತದಾರರನ್ನೇ ನೇರವಾಗಿ ಕೇಳುವ ಮತದಾನ, ಬೇಡ. ಅಷ್ಟು ಬಹುಮತ ಸಿಗದಿದ್ದರೆ ಐದು ಲಕ್ಷ ಮತದಾರರು ಸಹಿ ಹಾಕಿ ‘ನಮ್ಮನ್ನು ಕೇಳಿ’ ಅನ್ನಬಹುದು.

ಹೊರದೇಶದ ಮಾತು ಸಾಕು. ನಾವಿರುವ ಈ ಗೋವಾದಲ್ಲೇ ಏನಾಯಿತು ನೋಡಿ. 1963ರ ಚುನಾವಣೆ ಗೆದ್ದ ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷಕ್ಕೆ ಗೋವಾವನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕಿತ್ತು. ದಯಾನಂದ ಬಾಂದೋಡ್ಕರ್ ಮುಖ್ಯಮಂತ್ರಿ. ಚುನಾವಣೆಯಲ್ಲಿ ಹೇಳಿಯೇ ಗೆದ್ದವರು, ಇನ್ನೇನು ಕೇಳುವುದು ಅಲ್ವಾ? ಆದರೆ ವಿರೋಧ ಪಕ್ಷದ ಜ್ಯಾಕ್ ಸಿಕ್ವೇರಾ ಪಟ್ಟು ಹಿಡಿದರು. ಇದು ಶಾಸಕರು ಕೈ ಎತ್ತಿ ತೀರ್ಮಾನಿಸುವ ವಿಷಯವಲ್ಲ, ಜನರನ್ನೇ ಕೇಳಿ ಅಂದರು. ಕಡೆಗೆ ದೆಹಲಿ ಒಪ್ಪಿತು. 1966ರಲ್ಲಿ ಅದಕ್ಕೆಂದೇ ಕಾಯ್ದೆ ಬಂತು. ಮತದಾನ ನ್ಯಾಯವಾಗಿ ನಡೆಯಲಿ ಅಂತ ಬಾಂದೋಡ್ಕರ್ ಸರ್ಕಾರ ಕೆಳಗಿಳಿಯಿತು. ಇದಕ್ಕೆ ಅವರನ್ನು ಮೆಚ್ಚಲೇಬೇಕು. ಮತಪತ್ರದಲ್ಲಿ ಎರಡೇ ಗುರುತು: ವಿಲೀನ ಬೇಕೆನ್ನುವವರಿಗೆ ಹೂವು, ಬೇಡ ಎನ್ನುವವರಿಗೆ ಎರಡೆಲೆ. ಓದು ಬರದ ಅಜ್ಜಿಗೂ ಗೊಂದಲವಿಲ್ಲ. 1967ರ ಜನವರಿ 16ಕ್ಕೆ ಮತದಾನ. ಎರಡೆಲೆಗೆ 1,72,191 ಮತ, ಹೂವಿಗೆ 1,38,170.

ಅಸಲಿ ಕಥೆ ಆಮೇಲಿನದು. ಮಾರ್ಚಿನಲ್ಲಿ ವಿಧಾನಸಭೆ ಚುನಾವಣೆ. ಗೆದ್ದವರು ಯಾರು? ಮತ್ತೆ ಬಾಂದೋಡ್ಕರ್! ಜನಕ್ಕೆ ತಲೆ ಕೆಟ್ಟಿತ್ತಾ? ಇಲ್ಲ. ಆಡಳಿತಕ್ಕೆ ಈ ಮನುಷ್ಯ ಬೇಕು, ಆದರೆ ಅವರು ಹೇಳುವ ವಿಲೀನ ಬೇಡ. ಚುನಾವಣೆಯ ಒಂದು ಮತದಲ್ಲಿ ಹತ್ತು ವಿಷಯ ಕಲಸಿಹೋಗಿರುತ್ತವೆ. ಅದನ್ನೇ ಹಿಡಿದು ‘ಜನ ಎಲ್ಲಕ್ಕೂ ಒಪ್ಪಿದ್ದಾರೆ’ ಅಂತ ಸಂಸತ್ತಾಗಲಿ ಶಾಸನಸಭೆಯಾಗಲಿ ಹೇಳಲಾಗದು.

ಹಾಗಂತ ಎಲ್ಲವನ್ನೂ ಮತಕ್ಕೆ ಹಾಕಿ ಅಂತ ನಾನು ಹೇಳುತ್ತಿಲ್ಲ. ಪ್ರಶ್ನೆ ಬರೆಯುವವರೇ ಉತ್ತರವನ್ನು ಕಟ್ಟಿಹಾಕಬಹುದು. ಅವತ್ತಿನ ಮತಪತ್ರದಲ್ಲಿ ‘ಗೋವಾ ಪೂರ್ಣ ರಾಜ್ಯವಾಗಲಿ’ ಎನ್ನುವವರಿಗೆ ಜಾಗವೇ ಇರಲಿಲ್ಲ. ಅದು 1987ರ ಮೇ 30ಕ್ಕೆ ಸಂಸತ್ತಿನ ಕಾಯ್ದೆಯಿಂದ, ಯಾವ ಜನಮತವೂ ಇಲ್ಲದೆ ಬಂತು. ಇನ್ನು, ಕೇಳುವುದು ಯಾರನ್ನು? ಸ್ವಿಟ್ಜರ್‌ಲೆಂಡಿನಲ್ಲಿ ಹೆಂಗಸರಿಗೆ ಮತದ ಹಕ್ಕು ಕೊಡಬೇಕಾ ಅಂತ 1959ರಲ್ಲಿ ಗಂಡಸರನ್ನು ಕೇಳಿದರು. ಬೇಡ ಅಂದರು! 1971ರವರೆಗೆ ಕಾಯಬೇಕಾಯಿತು. ನಮ್ಮದೇ ವಿಷಯ ತೆಗೆದುಕೊಳ್ಳಿ. ಭಾಷಾ ಅಲ್ಪಸಂಖ್ಯಾತರು ತಮ್ಮ ಶಾಲೆ ನಡೆಸಬಹುದು ಅಂತ 30ನೇ ವಿಧಿ ಹೇಳುತ್ತದೆ. ಅದನ್ನು ಗೋವಾದಲ್ಲಿ ಮತಕ್ಕೆ ಹಾಕಿದರೆ ಕನ್ನಡಿಗರ ಸಂಖ್ಯೆಯ ಬಲದ ಮೇಲೆ ನಾವು ಗೆಲ್ಲುತ್ತೇವಾ?

ತಿದ್ದುಪಡಿಗೆ ಜನಮತ ಕಡ್ಡಾಯ ಮಾಡುವ ಪ್ರಯತ್ನ ನಮ್ಮ ದೇಶದಲ್ಲೂ ಒಮ್ಮೆ ನಡೆದಿತ್ತು. ತುರ್ತುಪರಿಸ್ಥಿತಿಯಲ್ಲಿ, 1976ರ 42ನೇ ತಿದ್ದುಪಡಿಯಿಂದ ಲೋಕಸಭೆ ತನ್ನ ಅವಧಿಯನ್ನು ಆರು ವರ್ಷಕ್ಕೆ ಏರಿಸಿಕೊಂಡಿತು. ವಿರೋಧ ಪಕ್ಷದ ನಾಯಕರು ಆಗ ಜೈಲಿನಲ್ಲಿದ್ದರು. 1978ರಲ್ಲಿ ಜನತಾ ಸರ್ಕಾರದ ಕಾನೂನು ಮಂತ್ರಿ ಶಾಂತಿಭೂಷಣ್ ಒಂದು ಮಸೂದೆ ತಂದರು. ಜಾತ್ಯತೀತ, ಪ್ರಜಾಪ್ರಭುತ್ವದ ಸ್ವರೂಪ, ಮೂಲಭೂತ ಹಕ್ಕು, ಮುಕ್ತ ಚುನಾವಣೆ, ನ್ಯಾಯಾಂಗದ ಸ್ವಾತಂತ್ರ್ಯ ಇವಕ್ಕೆ ಧಕ್ಕೆ ತರುವ ತಿದ್ದುಪಡಿ ಜನಮತಕ್ಕೆ ಹೋಗಲೇಬೇಕು ಅಂತ ಅದರಲ್ಲಿತ್ತು. ಲೋಕಸಭೆ ಒಪ್ಪಿತು. ರಾಜ್ಯಸಭೆ ಆ ಭಾಗವನ್ನು ತೆಗೆದುಹಾಕಿತು. ಹೀಗಾಗಿ ಇವತ್ತಿಗೂ ಕಾವಲು ಸುಪ್ರೀಂ ಕೋರ್ಟಿನದೇ. 1973ರಲ್ಲಿ 13 ನ್ಯಾಯಮೂರ್ತಿಗಳು 7-6ರಲ್ಲಿ ಹೇಳಿದ ‘ಮೂಲ ಸ್ವರೂಪ’ದ ತತ್ವ, ಅಂದರೆ ಸಂವಿಧಾನದ ಬುನಾದಿಯನ್ನೇ ಸಂಸತ್ತು ತಿದ್ದಿ ಹಾಳುಮಾಡುವಂತಿಲ್ಲ ಅನ್ನುವುದು, ಅದಕ್ಕೆ ಆಧಾರ. ಆ ಕೇಸು ಹಾಕಿದವರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು. ನಮ್ಮ ಕಡೆಯವರೇ ಅಂತ ಸ್ವಲ್ಪ ಹೆಮ್ಮೆ ಪಡಬಹುದು.

ನನ್ನನ್ನು ಕೇಳಿದರೆ 1978ರ ಆ ಪಟ್ಟಿಯಿಂದ ಮೂಲಭೂತ ಹಕ್ಕು, ಜಾತ್ಯತೀತತೆ ಎರಡನ್ನೂ ಹೊರಗಿಡುತ್ತೇನೆ. ಜನಮತ ಇದೆ ಅಂತ ಅವನ್ನು ಕೀಳುವಂತಿರಬಾರದು. ಸಂಸತ್ತು ತನ್ನ ಅವಧಿ ತಾನೇ ಉದ್ದ ಮಾಡಿಕೊಳ್ಳುವುದು, ಮತ ಹಾಕುವ ನಿಯಮ ಬದಲಿಸುವುದು, ಒಂದು ರಾಜ್ಯವನ್ನು ಇನ್ನೊಂದರಲ್ಲಿ ಕರಗಿಸುವುದು, ಇವು ಮಾತ್ರ ಜನರ ಮುಂದೆ ಬರಲೇಬೇಕು. ಆ ಮಸೂದೆಯ ಇನ್ನೊಂದು ಷರತ್ತೂ ನನಗೆ ಒಪ್ಪಿಗೆಯಿಲ್ಲ. ಮತದಾರರಲ್ಲಿ ಕನಿಷ್ಠ ಶೇ. 51 ಜನ ಮತ ಹಾಕಿರಬೇಕು ಅಂತ ಇತ್ತು. ಹಾಗಾದರೆ ಬೇಡ ಅನ್ನುವವರು ಸುಮ್ನೆ ಮನೆಯಲ್ಲಿ ಕೂತೇ ಅದನ್ನು ಸೋಲಿಸಬಹುದು. ಡೆನ್ಮಾರ್ಕಿನವರ ಲೆಕ್ಕ ಇದಕ್ಕಿಂತ ವಾಸಿ. ಅಲ್ಲಿ ಬಹುಮತವೂ ಬೇಕು, ‘ಹೌದು’ ಅಂದವರು ಒಟ್ಟು ಮತದಾರರಲ್ಲಿ ಶೇ. 40 ಆದರೂ ಇರಬೇಕು. ಬೇಡ ಅನ್ನುವವನಿಗೆ ಮನೆಯಲ್ಲಿ ಕೂತು ಯಾವ ಲಾಭವೂ ಇಲ್ಲ.

ಈಗ ನಿಮ್ಮ ಪ್ರಶ್ನೆಗಳು.