ರಬ್ಬರ್ ಬಂಪರ್ ಎಂಜಿಬಿ: ಬಳ್ಳಾರಿಗೆ ಇದೇ ಸರಿ

ನಮಸ್ಕಾರ. ಮೊದಲು ಒಂದು ಕಾಮೆಂಟ್ ಓದುತ್ತೇನೆ, ಆಮೇಲೆ ಮಾತು. "ಅಣ್ಣಾ, ರಬ್ಬರ್ ಬಂಪರ್ ಇರೋದು ಎಂಜಿಬಿನೇ ಅಲ್ಲ. ತಗೊಂಡ್ರೆ ಕ್ರೋಮ್ ಬಂಪರ್ ತಗೋಬೇಕು. ಉಳಿದದ್ದೆಲ್ಲಾ ಡಬ್ಬಾ." ಪಕ್ಕದಲ್ಲಿ ಬೆಂಕಿ ಇಮೋಜಿ. ಅದಕ್ಕೆ ಬಿದ್ದ ಲೈಕು ನನ್ನ ಇಡೀ ವಿಡಿಯೋಗೂ ಬಿದ್ದಿಲ್ಲ. ಹೊಟ್ಟೆಕಿಚ್ಚು ಅನ್ನಬೇಡಿ. ಹೊಟ್ಟೆಕಿಚ್ಚೇ.

ಎಂಜಿ ಅಂದ ಕೂಡಲೇ "ಹೆಕ್ಟರ್ ಅಲ್ವಾ ಸಾರ್" ಎನ್ನುವವರಿಗೆ ಎರಡು ಮಾತು. ಎಂಜಿಬಿ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರ ತನಕ ತಯಾರಾದ ಎರಡು ಸೀಟಿನ ಓಪನ್ ಸ್ಪೋರ್ಟ್ಸ್ ಕಾರು. 1798 ಸಿಸಿ ಎಂಜಿನ್. ಜಿಟಿ ಅನ್ನುವ ಮುಚ್ಚಿದ ಮಾಡೆಲ್ ಕೂಡ ಸೇರಿಸಿದರೆ ಐದು ಲಕ್ಷಕ್ಕೂ ಜಾಸ್ತಿ ಗಾಡಿ ಮಾಡಿದರು. 1974ರ ತನಕ ಮುಂದೆ ಹಿಂದೆ ಮಿರಿಮಿರಿ ಕ್ರೋಮ್ ಬಂಪರ್. ಆಮೇಲೆ ದಪ್ಪ ಕಪ್ಪು ರಬ್ಬರ್ ಬಂಪರ್.

ಕ್ರೋಮ್ ಯಾಕೆ ಹೋಯಿತು? ಅಮೆರಿಕದವರು ಕಾನೂನು ಬಿಗಿ ಮಾಡಿದರು. ನಿಧಾನಕ್ಕೆ ಡಿಕ್ಕಿ ಹೊಡೆದರೆ ಗಾಡಿಗೆ ಏನೂ ಆಗಬಾರದು, ಬಂಪರ್ ಇಷ್ಟೇ ಎತ್ತರದಲ್ಲಿ ಇರಬೇಕು ಅಂತ. ಎಂಜಿಬಿ ಜಾಸ್ತಿ ಬಿಕರಿಯಾಗುತ್ತಿದ್ದದ್ದೇ ಅಲ್ಲಿ. ಹೊಸ ಕಾರು ಮಾಡಲು ಕಂಪನಿ ಹತ್ತಿರ ದುಡ್ಡಿರಲಿಲ್ಲ. ಹಾಗಾಗಿ ಒಳಗೆ ಉಕ್ಕು ಇಟ್ಟು, ಮೇಲೆ ಪಾಲಿಯುರೆಥೇನ್ ಅನ್ನುವ ರಬ್ಬರಿನಂಥ ಪ್ಲಾಸ್ಟಿಕ್ ಹೊದಿಸಿ, ಇಡೀ ಗಾಡಿಯನ್ನು ಸುಮಾರು ಒಂದು ಇಂಚು ಮೇಲಕ್ಕೆ ಎತ್ತಿಬಿಟ್ಟರು.

ಆ ಒಂದು ಇಂಚಿಗೆ ಈಗಲೂ ಎದೆ ಬಡಿದುಕೊಂಡು ಅಳುವವರಿದ್ದಾರೆ. ತಿರುವಿನಲ್ಲಿ ವಾಲುತ್ತದಂತೆ. ಅಂದ ಹೋಯಿತಂತೆ. ಸ್ವಾಮಿ, ನಾನು ಕೂತಿರುವುದು ಬಳ್ಳಾರಿಯಲ್ಲಿ. ನಮ್ಮ ಹಂಪ್‌ಗಳನ್ನು ನೋಡಿದ್ದೀರಾ? ಯಾರು ಹಾಕಿದರು, ಯಾವಾಗ ಹಾಕಿದರು ಗೊತ್ತಿರುವುದಿಲ್ಲ. ಬಣ್ಣ ಇರುವುದಿಲ್ಲ, ಬೋರ್ಡ್ ಇರುವುದಿಲ್ಲ. ಎಂಜಿಬಿಯ ಸೈಲೆನ್ಸರ್ ಪೈಪು ಮೊದಲೇ ನೆಲಕ್ಕೆ ಮುತ್ತು ಕೊಡುವಷ್ಟು ಕೆಳಗಿದೆ. ಅಂಥ ಕಡೆ ಕಂಪನಿಯೇ ಒಂದು ಇಂಚು ಎತ್ತಿ ಕೊಟ್ಟರೆ ಬೇಡ ಅನ್ನುತ್ತೀರಾ?

ಬಳ್ಳಾರಿಗೆ ರಬ್ಬರ್ ಬಂಪರ್. ಬರೆದಿಟ್ಟುಕೊಳ್ಳಿ.

"ರಬ್ಬರ್ ಬಂಪರ್‌ಗೆ ಪವರ್ ಇಲ್ಲ, 65 ಎಚ್‌ಪಿ ಅಷ್ಟೇ" ಅಂತ ಇನ್ನೊಬ್ಬರು. ಯಾವ ದೇಶದ ಗಾಡಿ ಅಂತ ಯಾರೂ ಕೇಳುವುದಿಲ್ಲ ನೋಡಿ. ಆ 65ರ ಆಸುಪಾಸಿನ ಲೆಕ್ಕ ಅಮೆರಿಕಕ್ಕೆ ಹೋದ ಗಾಡಿಯದು. ಹೊಗೆ ಕಾನೂನಿಗಾಗಿ ಪೆಟ್ರೋಲಿಗೆ ಗಾಳಿ ಬೆರೆಸುವ ಎರಡು ಎಸ್‌ಯು ಕಾರ್ಬುರೇಟರ್ ಕಿತ್ತು, ಸ್ಟ್ರಾಂಬರ್ಗ್ ಅನ್ನುವ ಬೇರೆ ಕಾರ್ಬುರೇಟರ್ ಒಂದೇ ಹಾಕಿ ಉಸಿರು ಕಟ್ಟಿಸಿದ್ದು ಅಲ್ಲಿಯ ಗಾಡಿಗೆ. ಅದರ ಸ್ಟೀರಿಂಗ್ ಎಡಗಡೆ. ನಮಗೆ ಬೇಕಿರುವುದು ಬಲಗಡೆ, ಅಂದರೆ ಇಂಗ್ಲೆಂಡಿನ ಗಾಡಿ. ಅದರಲ್ಲಿ ಎರಡು ಎಸ್‌ಯು ಕೊನೆಯ ತನಕ ಇದ್ದವು. ಶುರುವಿನ ಗಾಡಿಯ 95 ಎಚ್‌ಪಿ ಇಲ್ಲ, ಸ್ವಲ್ಪ ಕಮ್ಮಿ. ಕುಡತಿನಿ ದಾಟಿ ಅದಿರು ಲಾರಿಗಳ ಸಾಲಿನ ಹಿಂದೆ ಸಿಕ್ಕಿಬಿದ್ದಾಗ ಆ ಹತ್ತು ಎಚ್‌ಪಿ ಇಟ್ಟುಕೊಂಡು ಏನು ಮಾಡುತ್ತೀರಿ? ಹಾರನ್ ಹೊಡೆಯುತ್ತೀರಾ?

ಎಸ್‌ಯು ಅಂದೆನಲ್ಲ, ಇಲ್ಲೇ ಒಂದು ನಿಮಿಷ ನಿಲ್ಲಿ. ಎಂಜಿಬಿಯ ಎಂಜಿನ್ ಬಿಎಂಸಿ ಅನ್ನುವ ಬ್ರಿಟಿಷ್ ಕಂಪನಿಯ ಬಿ ಸೀರೀಸ್. ನಮ್ಮ ಅಂಬಾಸಡರ್‌ನ 1489 ಸಿಸಿ ಎಂಜಿನ್ ಯಾವುದು? ಅದೂ ಬಿ ಸೀರೀಸ್. ಒಂದೇ ಮನೆತನ. ಹಳೆ ಅಂಬಾಸಡರ್‌ಗಳಲ್ಲಿ ಎಸ್‌ಯು ಕಾರ್ಬುರೇಟರೇ ಇತ್ತು. ಕೌಲ್ ಬಜಾರ್ ಕಡೆ ಒಬ್ಬ ಹಳೆ ಮೇಸ್ತ್ರಿ ಇದ್ದಾರೆ. ಅವರು ಅದನ್ನು ಪರೀಕ್ಷೆ ಮಾಡುವುದನ್ನು ನೋಡಬೇಕು. ಮೊದಲು ಮೇಲಿನ ಕಪ್ಪು ಮುಚ್ಚಳ ತಿರುಗಿಸಿ ತೆಗೆಯುತ್ತಾರೆ. ಒಳಗೆ ಎಣ್ಣೆ ಎಷ್ಟಿದೆ ನೋಡಿ, ಕಮ್ಮಿ ಇದ್ದರೆ ಎರಡು ಹನಿ ಬಿಡುತ್ತಾರೆ. ಆಮೇಲೆ ಗಾಳಿ ಎಳೆಯುವ ಬಾಯಿಯಲ್ಲಿ ಬೆರಳು ಹಾಕಿ ಪಿಸ್ಟನ್ ಎತ್ತಿ ಬಿಡುತ್ತಾರೆ. ತಡೆಯಿಲ್ಲದೆ ಇಳಿದು ಕೊನೆಗೆ "ಟಕ್" ಅನ್ನಬೇಕು. ಟಕ್ ಅನ್ನಲಿಲ್ಲ ಅಂದರೆ ಎಲ್ಲೋ ಉಜ್ಜುತ್ತಿದೆ, ಬಿಚ್ಚಬೇಕು. ಲ್ಯಾಪ್‌ಟಾಪ್ ಬೇಡ, ಸ್ಕ್ಯಾನರ್ ಬೇಡ. "ಬಳ್ಳಾರಿಯಲ್ಲಿ ರಿಪೇರಿ ಯಾರು ಮಾಡುತ್ತಾರೆ" ಅಂತ ಕೇಳಿದವರಿಗೆ ಉತ್ತರ ಸಿಕ್ಕಿತಲ್ಲ?

(ಈ ಮೇಸ್ತ್ರಿಯ ಮೇಲೆ ಬೇರೆ ಸಂಚಿಕೆ ಬರುತ್ತದೆ. ಸಬ್‌ಸ್ಕ್ರೈಬ್ ಆಗದವರಿಗೆ ಕಾಣುವುದಿಲ್ಲ. ಕಾಣುತ್ತದೆ, ಸುಮ್ನೆ ಹೆದರಿಸಿದೆ. ಆಗಿ.)

ಈಗ ಅಸಲಿ ವಿಷಯ: ಬಿಸಿಲು. 1976ರ ಕೊನೆಯ ಹೊತ್ತಿಗೆ ಕಂಪನಿ ಒಂದು ಒಳ್ಳೆಯ ಕೆಲಸ ಮಾಡಿತು. ರೇಡಿಯೇಟರ್ ಮುಂದಕ್ಕೆ ತಳ್ಳಿ ಎಲೆಕ್ಟ್ರಿಕ್ ಫ್ಯಾನ್ ಕೊಟ್ಟಿತು. ಅದಕ್ಕೂ ಮೊದಲು ಈ 1798 ಸಿಸಿ ಗಾಡಿಯಲ್ಲಿ ಫ್ಯಾನ್ ತಿರುಗುತ್ತಿದ್ದದ್ದು ಎಂಜಿನ್ ಬೆಲ್ಟಿನಿಂದ. ಟ್ರಾಫಿಕ್‌ನಲ್ಲಿ ಎಂಜಿನ್ ನಿಧಾನ, ಅದರ ಜೊತೆ ಫ್ಯಾನೂ ನಿಧಾನ. ಗಾಳಿ ಬೇಕಾದಾಗಲೇ ಗಾಳಿ ಇಲ್ಲ. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟಿದಾಗ ಗಡಿಗಿ ಚನ್ನಪ್ಪ ಸರ್ಕಲ್‌ನಲ್ಲಿ ನಿಂತು ನೋಡಿ, ಟೆಂಪರೇಚರ್ ಮುಳ್ಳು ಹೇಗೆ ಏರುತ್ತದೆ ಅಂತ. ಎಲೆಕ್ಟ್ರಿಕ್ ಫ್ಯಾನಿಗೆ ಎಂಜಿನ್ ವೇಗದ ಹಂಗಿಲ್ಲ. ನೀರು ಕಾದರೆ ತಿರುಗುತ್ತದೆ. ಈ ಫ್ಯಾನ್ ಯಾವ ಬಂಪರಿನ ಗಾಡಿಯಲ್ಲಿ ಬಂತು? ಹೇಳಿ, ಜೋರಾಗಿ ಹೇಳಿ.

ವಾಲುತ್ತದೆ ಅಂದಿರಲ್ಲ, ಅದಕ್ಕೂ ಆಗಲೇ ಮದ್ದು ಮಾಡಿದರು. ರಬ್ಬರ್ ಬಂಪರ್ ಬಂದ ಹೊಸತರಲ್ಲಿ ತೆಗೆದಿದ್ದ ಆ್ಯಂಟಿ ರೋಲ್ ಬಾರನ್ನು, ಅಂದರೆ ವಾಲಾಟ ತಡೆಯುವ ಕಂಬಿಯನ್ನು, ಮುಂದೆ ವಾಪಸ್ ಹಾಕಿ ಹಿಂದೆಯೂ ಒಂದು ಕೊಟ್ಟರು. ಓವರ್‌ಡ್ರೈವ್, ಅಂದರೆ ಅದೇ ವೇಗದಲ್ಲಿ ಎಂಜಿನ್ ನಿಧಾನಕ್ಕೆ ತಿರುಗುವ ಹಾಗೆ ಮಾಡುವ ಹೆಚ್ಚುವರಿ ಗೇರ್, ಅಷ್ಟು ಹೊತ್ತಿಗೆ ಇಂಗ್ಲೆಂಡಿನ ಎಲ್ಲ ಗಾಡಿಗೂ ಬರುತ್ತಿತ್ತು. ಅದರ ಸ್ವಿಚ್ಚನ್ನು ಗೇರ್ ಗುಂಡಿಯ ಮೇಲೆ ತಂದರು. ಹೊಸಪೇಟೆ ರೋಡಿನಲ್ಲಿ ಹೆಬ್ಬೆರಳು ಆಡಿಸಿದರೆ ಎಂಜಿನ್ ಸದ್ದು ತಗ್ಗುತ್ತದೆ.

ಶುರುವಿನ ಗಾಡಿಗಳನ್ನು ಪೂಜೆ ಮಾಡುವ ಗುಂಪು ಒಂದಿದೆ. 1964ರ ಹಿಂದಿನದು, ಕ್ರ್ಯಾಂಕ್‌ಗೆ, ಅಂದರೆ ಎಂಜಿನ್ ಒಳಗೆ ತಿರುಗುವ ಮುಖ್ಯ ದಂಡಕ್ಕೆ, ಮೂರೇ ಬೇರಿಂಗ್. ಆಹಾ ಎಷ್ಟು ಹಗುರಾಗಿ ತಿರುಗುತ್ತದೆ ಅನ್ನುತ್ತಾರೆ. ಆಮೇಲೆ ಅದನ್ನು ಐದು ಬೇರಿಂಗ್ ಯಾಕೆ ಮಾಡಿದರು ಅಂತ ಒಬ್ಬರೂ ಹೇಳುವುದಿಲ್ಲ. 1967ರ ತನಕ ಫಸ್ಟ್ ಗೇರಿಗೆ ಸಿಂಕ್ರೋ ಇಲ್ಲ. ಗಾಡಿ ಪೂರ್ತಿ ನಿಂತ ಮೇಲೇ ಗೇರ್ ಹಾಕಬೇಕು, ಇಲ್ಲವಾದರೆ ಕರ್ರ್ ಅನ್ನುತ್ತದೆ. ಆಟೋದವರು ತಿರುಗಿ ನೋಡಿ ನಗುತ್ತಾರೆ. ಎಂಜಿಸಿ ಬೇಕಾ? ಎಂಜಿಬಿಯ ಮೈಗೆ ಆರು ಸಿಲಿಂಡರ್ ಎಂಜಿನ್, ಮೂಗು ಭಾರ, 1969ಕ್ಕೇ ನಿಂತಿತು. ಎಂಟು ಸಿಲಿಂಡರಿನ ಎಂಜಿಬಿ ವಿ8? ಕಂಪನಿ ಮಾಡಿದ್ದೆಲ್ಲಾ ಮುಚ್ಚಿದ ಜಿಟಿ. ಬಳ್ಳಾರಿಯಲ್ಲಿ ಅಷ್ಟು ದೊಡ್ಡ ಗಾಜಿನ ಹಿಂಬಾಗಿಲು! ಅದರಲ್ಲಿ ಸಂಡಿಗೆ ಒಣಗಿಸಬಹುದು.

"ಬಳ್ಳಾರಿ ಬಿಸಿಲಿಗೆ ಓಪನ್ ಕಾರು ಯಾಕಣ್ಣ?" ಯಾಕೆಂದರೆ ಡಿಸೆಂಬರ್ ಇದೆ. ಸಂಡೂರು ಗುಡ್ಡ ಇದೆ. ಮುಂದಿನ ಪ್ರಶ್ನೆ.

"ರಿಜಿಸ್ಟ್ರೇಷನ್?" 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗೆ ನಿಯಮ ಮಾಡಿದೆ. ಐವತ್ತು ವರ್ಷ ದಾಟಿರಬೇಕು, 20,000 ರೂಪಾಯಿ ಫೀ, ನಂಬರ್ ಪ್ಲೇಟಿನಲ್ಲಿ ವಿಎ ಅಂತ ಬರುತ್ತದೆ. ದಿನದ ಓಡಾಟಕ್ಕೆ ಬಳಸುವ ಹಾಗಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಪೆಟ್ರೋಲ್ ಹಾಕಿಸಲು ಒಯ್ಯಬಹುದು. ಮಂಡಕ್ಕಿ ಮಿರ್ಚಿ ತಿನ್ನಲು ಹೋಗಬಾರದು. ಆದರೆ ಬಂಕಿನ ಪಕ್ಕದಲ್ಲೇ ಮಿರ್ಚಿ ಬಂಡಿ ನಿಂತಿದ್ದರೆ ನನ್ನ ತಪ್ಪಾ?

"ನೀನು ಹೇಳುವ ಫ್ಯಾನಿನ ಗಾಡಿಗೆ ಐವತ್ತು ತುಂಬಿದೆಯಾ?" ಬಂದರು ನೋಡಿ ಲೆಕ್ಕ ಹಿಡಿದುಕೊಂಡು. 1976ರ ಕೊನೆಯ ಗಾಡಿಗೆ 2026ರ ಕೊನೆಗೆ ತುಂಬುತ್ತದೆ. ಕಾಯಿರಿ. ಅಷ್ಟರಲ್ಲಿ ದುಡ್ಡು ಕೂಡಿಸಿ. ಕಸ್ಟಮ್ಸ್ ಬಗ್ಗೆ ಕೇಳಬೇಡಿ, ಊಟ ಮಾಡಿ ಬಂದಿದ್ದೇನೆ.

ಇನ್ನು ರಬ್ಬರ್ ಬಂಪರ್ ಕಿತ್ತು, ಕ್ರೋಮ್ ಹಾಕಿ, ಗಾಡಿಯನ್ನು ಮತ್ತೆ ಕೆಳಗೆ ಇಳಿಸುವವರಿದ್ದಾರೆ. ದುಡ್ಡು ಕೊಟ್ಟು ಆ ಇಂಚನ್ನು ವಾಪಸ್ ಕೊಡುತ್ತಾರೆ! ಅವರ ಜೊತೆ ನನಗೆ ಮಾತಿಲ್ಲ.

"ನಿಮ್ಮ ಹತ್ತಿರ ಎಂಜಿಬಿ ಇದೆಯಾ?" ಇಲ್ಲ. ನಿಮ್ಮ ಹತ್ತಿರ ಇದೆಯಾ? ಮತ್ತೆ! ಕ್ರಿಕೆಟ್ ನೋಡುವವರೆಲ್ಲಾ ಬ್ಯಾಟ್ ಹಿಡಿದಿರುತ್ತಾರಾ?

ಕಪ್ಪು ಬಂಪರ್ ಚೆಂದ ಇಲ್ಲ ಅನ್ನುತ್ತೀರಿ. ನನಗೆ ಚೆಂದ. ನಮ್ಮೂರ ಕೆಂಪು ಧೂಳು ಕ್ರೋಮ್ ಮೇಲೆ ಕೂತರೆ ದಿನಾ ಉಜ್ಜಬೇಕು. ರಬ್ಬರ್ ಮೇಲೆ ಕೂತರೆ ಒಂದು ಬಕೆಟ್ ನೀರು ಸಾಕು. ಇದೂ ಕಾರಣವಾ ಅಂದರೆ, ಹೌದು, ಇದೂ ಕಾರಣ. ರಬ್ಬರ್! ರಬ್ಬರ್ ಅಂದರೆ ರಬ್ಬರ್!

ಹಾಂ, ಜಾಕೆಟ್ ಬಂದಿದೆ. ಚಾನೆಲ್ ಹೆಸರು ಹಾಕಿದ ಜೀನ್ಸ್ ಜಾಕೆಟ್. ಬಳ್ಳಾರಿಯಲ್ಲೇ ಹೊಲಿಸಿದ್ದು, ಬೇರೆ ಊರಲ್ಲಿ ಹೊಲಿಸಿದರೆ ಮನೆಗೆ ಸೇರಿಸುವುದಿಲ್ಲ. ಎಕ್ಸೆಲ್ ಖಾಲಿ, ಮೀಡಿಯಂ ಇದೆ. ಕ್ರೋಮ್ ಬಂಪರ್‌ನವರಿಗೂ ಕೊಡುತ್ತೇವೆ, ಡಿಸ್ಕೌಂಟ್ ಇಲ್ಲ. ಮುಂದಿನ ವಾರ ಟ್ರಯಂಫ್ ಸ್ಪಿಟ್‌ಫೈರ್ ಕಾರು. ಅಲ್ಲೂ ಜಗಳ ಇದೆ, ಬನ್ನಿ.