ಎರೆ ಮಣ್ಣಿನಲ್ಲಿ ಜಿನಿಯಾ

ಕೇಳುಗರಿಗೆ ನಮಸ್ಕಾರ.

ಕಲಬುರಗಿಯಲ್ಲಿ ಹೂದೋಟದ ಮಾತೆತ್ತಿದರೆ ಎದುರಿಗಿದ್ದವರು ಮೊದಲು ಬಿಸಿಲನ್ನು ದೂರುತ್ತಾರೆ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ಕಣಗಿಲೆ, ಕಾಗದದ ಹೂವು ಬಿಟ್ಟರೆ ಇನ್ನೇನು ಬದುಕೀತು ಎನ್ನುತ್ತಾರೆ. ನಾನೂ ಬಹಳ ವರ್ಷ ಹಾಗೆಯೇ ನಂಬಿದ್ದೆ. ಜಿನಿಯಾ ಬೆಳೆಸಲು ಹೊರಟು ಎರಡು ಸಲ ಸೋತ ಮೇಲೆ ನನಗೆ ತಿಳಿಯಿತು: ಈ ಹೂವಿಗೆ ಬಿಸಿಲು ಬೇಕು, ಅದೂ ದಿನಕ್ಕೆ ಆರರಿಂದ ಎಂಟು ತಾಸು. ಅದನ್ನು ಕೊಲ್ಲುವುದು ನಾವು ಅಕ್ಕರೆಯಿಂದ ಸುರಿಯುವ ನೀರು.

ಜಿನಿಯಾ ಮೆಕ್ಸಿಕೋ ದೇಶದ ಗಿಡ. ಚೆಂಡುಹೂವು, ಸೇವಂತಿಗೆ, ಸೂರ್ಯಕಾಂತಿಗಳ ಬಳಗಕ್ಕೆ ಸೇರಿದ್ದು. ಜರ್ಮನಿಯ ಯೋಹಾನ್ ಗಾಟ್‌ಫ್ರೀಡ್ ಝಿನ್ ಎಂಬ ವಿದ್ವಾಂಸರ ಹೆಸರನ್ನು ಇದಕ್ಕೆ ಇಟ್ಟವರು ಲಿನೇಯಸ್. ಝಿನ್ ಅವರು ಮನುಷ್ಯನ ಕಣ್ಣಿನ ರಚನೆಯನ್ನು ಆಳವಾಗಿ ಅಧ್ಯಯನ ಮಾಡಿದವರು. 1759ರಲ್ಲಿ, ಇನ್ನೂ ಮೂವತ್ತೆರಡು ತುಂಬುವ ಮೊದಲೇ ತೀರಿಕೊಂಡರು. ಕೆಂಪು, ಕಿತ್ತಳೆ, ಹಳದಿ, ಗುಲಾಬಿ, ನೇರಳೆ, ಬಿಳಿ ಎಲ್ಲವೂ ಒಂದೇ ಮಡಿಯಲ್ಲಿ ಅರಳಿ ನಿಂತಾಗ ಕಣ್ಣನ್ನು ಬಲ್ಲವರ ಹೆಸರು ಈ ಹೂವಿಗೆ ಸಿಕ್ಕಿದ್ದು ಸರಿಯಾಗಿಯೇ ಇದೆ ಎನಿಸುತ್ತದೆ.

ಇನ್ನು ನನ್ನ ಸೋಲಿನ ಕಥೆ. ಮೊದಲ ವರ್ಷ ತಟ್ಟೆಯಲ್ಲಿ ಬೀಜ ಹಾಕಿ ಸಸಿ ಮಾಡಿದೆ. ಗೇಣುದ್ದ ಬೆಳೆದಾಗ ಕಿತ್ತು ಅಂಗಳದಲ್ಲಿ ನೆಟ್ಟೆ. ಬೇರು ಅಲುಗಿದರೆ ಜಿನಿಯಾ ಸಹಿಸುವುದಿಲ್ಲ. ಹೆಚ್ಚಿನವು ತಲೆ ಬಾಗಿಸಿದವು, ಮತ್ತೆ ಎತ್ತಲಿಲ್ಲ. ಮರುವರ್ಷ ಮೃಗಶಿರಾ ಮಳೆ ಬೀಳುತ್ತಿದ್ದಂತೆ ಸಮತಟ್ಟಾದ ಮಡಿಯಲ್ಲಿ ನೇರವಾಗಿ ಬಿತ್ತಿದೆ. ಎರಡು ದಿನ ಜೋರು ಮಳೆ, ಮೂರನೆಯ ದಿನ ಉರಿಬಿಸಿಲು. ಮಣ್ಣಿನ ಮೇಲ್ಪದರ ರೊಟ್ಟಿಯ ಹಂಚಿನಂತೆ ಗಟ್ಟಿಯಾಯಿತು. ಒಂದು ಬೀಜವೂ ಮೇಲೆ ಬರಲಿಲ್ಲ. ಕೆದಕಿ ನೋಡಿದರೆ ಕೆಲವು ಕೊಳೆತಿದ್ದವು, ಕೆಲವು ಮೊಳೆತು ಒಳಗೇ ಸೊರಗಿದ್ದವು.

ಪಕ್ಕದ ಮನೆಯ ಆಯಿ ಬಂದು ಆ ಮಣ್ಣನ್ನು ಮುರಿದು ನೋಡಿದರು. ಹೊಲದಲ್ಲೇ ಆಯುಷ್ಯ ಕಳೆದವರು. "ಮಗಳೇ, ಇದು ತೊಗರಿಯಲ್ಲ. ತೊಗರಿಯ ಬೇರು ಆಳಕ್ಕಿಳಿದು ತನ್ನ ದಾರಿ ತಾನು ನೋಡಿಕೊಳ್ಳುತ್ತದೆ. ಈ ಸಣ್ಣ ಬೀಜಕ್ಕೆ ನೀನೇ ಜಾಗ ಎತ್ತರಿಸಿ ಕೊಡಬೇಕು" ಎಂದರು. ನಮ್ಮ ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಬಿರಿಯುವಾಗ ಎಳೆಯ ಬೇರನ್ನು ಹರಿಯುತ್ತದೆ. ಆಯಿಯ ಮಾತಿನಂತೆ ಒಂದು ಪಾಲು ಎರೆ ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಬೆರೆಸಿ ಒಂದು ಗೇಣು ಎತ್ತರದ ಮಡಿ ಕಟ್ಟಿದೆ. ಅಂದಿನಿಂದ ಇಂದಿನವರೆಗೆ ಬಿತ್ತನೆ ಕೈಕೊಟ್ಟಿಲ್ಲ.

ಬೀಜವನ್ನು ಆಳಕ್ಕೆ ಇಳಿಸಬೇಡಿ. ಕಿರುಬೆರಳಿನ ಉಗುರು ಮುಚ್ಚುವಷ್ಟು ಆಳ ಸಾಕು. ಮೇಲೆ ಎರೆ ಮಣ್ಣನ್ನು ಹಾಕದೆ, ಜರಡಿ ಹಿಡಿದ ಗೊಬ್ಬರವನ್ನು ಮರಳಿನ ಜೊತೆ ಬೆರೆಸಿ ತೆಳುವಾಗಿ ಉದುರಿಸಿ. ಆಗ ಹೆಪ್ಪು ಕಟ್ಟುವುದಿಲ್ಲ. ನೀರನ್ನು ಚಿಮುಕಿಸಿ. ನಾಲ್ಕರಿಂದ ಏಳು ದಿನದಲ್ಲಿ ಮೊಳಕೆ ಕಾಣುತ್ತದೆ. ಗಿಡದಿಂದ ಗಿಡಕ್ಕೆ ಒಂದು ಅಡಿ ಅಂತರ ಇರುವಂತೆ ಹೆಚ್ಚಿನವನ್ನು ತೆಗೆಯಬೇಕು. ಹುಟ್ಟಿದ ಸಸಿಯನ್ನು ಕೀಳಲು ಮನಸ್ಸು ಬಾರದು, ನನಗೂ ಬರುವುದಿಲ್ಲ. ಆದರೂ ಕೀಳುತ್ತೇನೆ. ದಟ್ಟವಾಗಿ ಬಿಟ್ಟರೆ ಗಾಳಿಯಾಡದೆ ಎಲೆಗಳ ಮೇಲೆ ಬೂದಿ ರೋಗ ಹಿಟ್ಟು ಚೆಲ್ಲಿದಂತೆ ಹಬ್ಬುತ್ತದೆ. ಮೊಣಕಾಲಿಗಿಂತ ಕೆಳಗಿರುವಾಗಲೇ, ನಾಲ್ಕು ಜೋಡಿ ಎಲೆ ಮೂಡಿದೊಡನೆ ತುದಿಯನ್ನು ಚಿವುಟಿ. ಹೂವು ಒಂದೆರಡು ವಾರ ತಡವಾಗಬಹುದು, ಆದರೆ ಒಂದು ಕಾಂಡದ ಬದಲು ಹಲವು ಕವಲುಗಳು ಒಡೆಯುತ್ತವೆ.

ನೀರಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಾವು ತಪ್ಪುವುದು ಇಲ್ಲಿಯೇ. ಮುಂಜಾನೆ ಬುಡಕ್ಕೆ ಹಾಕಿ, ಎಲೆ ನೆನೆಯಬಾರದು. ಬೆರಳನ್ನು ಮಣ್ಣಿನಲ್ಲಿ ಒಂದು ಗೆಣ್ಣಿನವರೆಗೆ ಇಳಿಸಿ ನೋಡಿ, ತೇವ ತಾಗಿದರೆ ಆ ದಿನ ನೀರು ಬೇಡ. ಮಧ್ಯಾಹ್ನ ಎಲೆ ಜೋತರೆ ಗಾಬರಿಯಾಗಬೇಡಿ, ಸಂಜೆಗೆ ಅದೇ ಎದ್ದು ನಿಲ್ಲುತ್ತದೆ. ನೀರು ಹೆಚ್ಚಾದರೆ ಏನಾಗುತ್ತದೆ ಎಂಬುದು ಭೂಮಿಯನ್ನು ಸುತ್ತುವ ಅಂತರಿಕ್ಷ ನಿಲ್ದಾಣದಲ್ಲಿಯೂ ಕಂಡಿತು. ಅಲ್ಲಿ ಬೆಳೆಸಿದ ಜಿನಿಯಾ ಗಿಡಗಳಿಗೆ ತೇವ ಹೆಚ್ಚಾಗಿ ಎಲೆಗಳ ಮೇಲೆ ಬೂಷ್ಟು ಹಿಡಿಯಿತು. ಗಗನಯಾತ್ರಿ ಸ್ಕಾಟ್ ಕೆಲ್ಲಿ ಕೆಟ್ಟ ಎಲೆಗಳನ್ನು ಕತ್ತರಿಸಿದರು. ಭೂಮಿಯಿಂದ ಬರುವ ವೇಳಾಪಟ್ಟಿಗೆ ಕಾಯದೆ, ಗಿಡವನ್ನು ನೋಡಿ ನೀರು ಹಾಕಲು ತಮಗೇ ಬಿಡಬೇಕೆಂದು ಕೇಳಿಕೊಂಡರು. 2016ರ ಜನವರಿಯಲ್ಲಿ ಅಲ್ಲಿ ಕಿತ್ತಳೆ ಬಣ್ಣದ ಹೂವು ಅರಳಿತು. ನಮ್ಮ ಆಯಿ ಈ ಸುದ್ದಿ ಕೇಳಿ, "ಗಿಡದ ಮುಖ ನೋಡದೆ ನೀರು ಹಾಕುತ್ತಾರೆಯೇ?" ಎಂದು ಕೇಳಿದರು.

ಯಾವಾಗ ಬಿತ್ತಬೇಕು? ದಸರೆಗೆ ಹೂವು ಬೇಕೆಂದರೆ ಜುಲೈನಲ್ಲಿ ಬಿತ್ತಬಹುದು, ಆದರೆ ಮಳೆಗೆ ಎಲೆ ಚುಕ್ಕೆ ರೋಗದ ಕಾಟ. ನಾನು ಹಸ್ತಾ ಮಳೆ ಕಳೆದ ಮೇಲೆ, ಅಕ್ಟೋಬರ್ ನಡುವಿನಲ್ಲಿ ಬಿತ್ತುತ್ತೇನೆ. ಬೀಜದಿಂದ ಹೂವಿಗೆ ಅರವತ್ತರಿಂದ ಎಪ್ಪತ್ತು ದಿನ. ಚಳಿಗೆ ಸ್ವಲ್ಪ ಹೆಚ್ಚು. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಮಡಿ ತುಂಬಿರುತ್ತದೆ. ಹೊಲಕ್ಕೆ ಚರಗ ಚೆಲ್ಲಲು ಹೋಗುವಾಗ ಸಜ್ಜೆ ರೊಟ್ಟಿ, ಭಜ್ಜಿಯ ಬುತ್ತಿಯ ಜೊತೆಗೆ ಒಂದು ಹಿಡಿ ಜಿನಿಯಾವನ್ನೂ ಒಯ್ಯುತ್ತೇನೆ. ಕೊಯ್ಯುವ ಮೊದಲು ಹೂವಿನಿಂದ ಒಂದು ಗೇಣು ಕೆಳಗೆ ಕಾಂಡ ಹಿಡಿದು ಮೆಲ್ಲಗೆ ಅಲುಗಿಸಿ. ಕತ್ತು ಬಳುಕಿದರೆ ಇನ್ನೂ ಬಲಿತಿಲ್ಲ, ನೆಟ್ಟಗೆ ನಿಂತರೆ ಕೊಯ್ಯಿರಿ.

ನಾಲ್ಕೈದು ಒಳ್ಳೆಯ ಹೂಗಳನ್ನು ಮಾತ್ರ ಮುಟ್ಟದೆ ಗಿಡದಲ್ಲಿಯೇ ಬಿಡಿ. ಅವು ಕಂದು ಬಣ್ಣಕ್ಕೆ ತಿರುಗಿ ಗರಿಗರಿಯಾಗಿ ಒಣಗಿದಾಗ ಕೊಯ್ದು ಬಿಡಿಸಿ. ಎಸಳನ್ನು ಎಳೆದರೆ ಅದರ ಬುಡಕ್ಕೆ ಬಾಣದ ಮೊನೆಯಂತಹ ಚಪ್ಪಟೆ ಬೀಜ ಅಂಟಿಕೊಂಡು ಬರುತ್ತದೆ. ಉಗುರಿನಿಂದ ಒತ್ತಿ ನೋಡಿ. ಗಟ್ಟಿ ಇದ್ದದ್ದು ಇಟ್ಟುಕೊಳ್ಳಿ, ಜೊಳ್ಳು ಬಿಸಾಡಿ. ಅಂಗಡಿಯ ಸಂಕರ ತಳಿಯಾದರೆ ಮರುವರ್ಷ ತಾಯಿಯಂತೆಯೇ ಹೂವು ಬರುವುದಿಲ್ಲ. ಬೇರೆ ಬಣ್ಣಗಳು ಹತ್ತಿರವಿದ್ದರೆ ಜೇನುಹುಳು, ಪಾತರಗಿತ್ತಿಗಳು ಪರಾಗ ಬೆರೆಸಿರುತ್ತವೆ. ನನಗೆ ಅದು ಕೊರತೆಯಾಗಿ ಕಂಡಿಲ್ಲ. ಹೋದ ವರ್ಷ ನಾನು ಬಿತ್ತಿದ್ದು ಕೆಂಪು ಹೂವಿನ ಬೀಜ. ಅದರಲ್ಲಿ ಹವಳದ ಬಣ್ಣದ ಒಂದು ಗಿಡ ಬಂತು. ಈ ಸಲ ಅದರ ಬೀಜವನ್ನೇ ಬೇರೆಯಾಗಿ ಕಟ್ಟಿದ್ದೇನೆ.

ಎರಡು ದಿನ ನೆರಳಿನಲ್ಲಿ ಆರಿಸಿ, ಕಾಗದದ ಪೊಟ್ಟಣದಲ್ಲಿ ಕಟ್ಟಿ, ಬಣ್ಣ ಮತ್ತು ತಿಂಗಳು ಬರೆದು ಡಬ್ಬಿಯಲ್ಲಿಡಿ. ಮೂರು ವರ್ಷ ಚೆನ್ನಾಗಿ ಮೊಳೆಯುತ್ತವೆ. ನನ್ನ ಪೊಟ್ಟಣದಲ್ಲಿ ಅರ್ಧ ಬೀದರಿನ ತಂಗಿಗೆ ಹೋಗುತ್ತದೆ. ಅವಳದು ಕೆಂಪು ಮಣ್ಣು, ನೀರು ನಿಲ್ಲುವುದಿಲ್ಲ, ಮರಳಿನ ಗೊಡವೆಯಿಲ್ಲ. ಗೊಬ್ಬರ ಮಾತ್ರ ಹೆಚ್ಚು ಹಾಕುತ್ತಾಳೆ. ಎರೆ ಭೂಮಿಯ ನಾವು, ಶಹಾಪುರ, ಸುರಪುರದ ಕಾಲುವೆ ಸೀಮೆಯವರೂ ಸೇರಿ, ಹಸ್ತಾ ಮಳೆಗೆ ಮೊದಲೇ ನಾಲ್ಕು ಬುಟ್ಟಿ ಮರಳು ತಂದಿಟ್ಟುಕೊಳ್ಳೋಣ.

ನಮಸ್ಕಾರ.